ಶಾಲು ಹೊದ್ದ ಸರ್ವರ್

"ವೈರ್ ಇಲ್ದೆ ಸುದ್ದಿ ಬಂದ್ಬುಡ್ತದಾ? ಆಗಲ್ಲ ಬುಡಮ್ಮ!"

ಹೀಗಂದವನು ನನ್ನ ಸೋದರಮಾವ. ಹೊಳವನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿಯೇ ದೇವರು. (ನನ್ನಿಂದ ಡಿಗ್ರಿಯೂ ಆಗಲ್ಲ ಅಂದಿದ್ದ. ಮನೆಗೆ ಮೊದಲ ಗ್ರಾಜುಯೇಟ್ ಆಗಿ ತೋರಿಸಿದೆ. ಆಗಾಗ ನೆನಪಿಸುತ್ತಲೂ ಇರುತ್ತೇನೆ, ಪೇಪರ್‌ನಲ್ಲಿ ನನ್ನ ಅಂಕಣ ಓದುವ ನಿಮಗೂ ಗೊತ್ತಿದೆ.)

ಈ ಸಲದ ತಕರಾರು ನಾನು ತಯಾರಿಸಿದ ಸೆನ್ಸರ್‌ಗಳ ಮೇಲೆ. ಬೆಂಕಿಪೊಟ್ಟಣದಷ್ಟಿವೆ. ವೈರಿಲ್ಲ. ಪುಟ್ಟ ಬ್ಯಾಟರಿ ಹಾಕಿದರೆ ವರ್ಷಗಟ್ಟಲೆ ಬಾಳುತ್ತವೆ. ಬಿಸಿ ಏರಿದರೆ ಮೊಬೈಲ್‌ಗೆ ಚಾಡಿ ಹೇಳುತ್ತವೆ. ಮಧುಗಿರಿ ಹೊರವಲಯದ ಒಂದು ಪುಟ್ಟ ಡೇಟಾ ಸೆಂಟರ್‌ನಲ್ಲಿ ಟ್ರಯಲ್‌ಗೆ ಅಂಟಿಸಿದ್ದೆ. ಕೆಲಸ ತೃಪ್ತಿಕರ ಅಂತ ಅವರು ಸರ್ಟಿಫಿಕೇಟ್ ಕೊಟ್ಟರೆ ನನ್ನ ಸ್ವಂತ ಕಂಪನಿ ಶುರು. ಕೊಡದಿದ್ದರೆ? ಮಾವನ ಬಾಯಿಗೆ ಬೀಗ ಹಾಕುವವರು ಯಾರು?

ಆಯುಧಪೂಜೆಯ ಮಧ್ಯಾಹ್ನ. ಮಾವ ನಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದ. ನನ್ನ ಮೊಬೈಲ್ ಕಿರುಚಿತು. ಡೇಟಾ ಸೆಂಟರ್‌ನಲ್ಲಿ ಸರ್ವರ್‌ಗಳನ್ನು ಜೋಡಿಸಿಟ್ಟ ಒಂದು ರ‍್ಯಾಕ್ ಬಿಸಿಯಾಗುತ್ತಿದೆ! ಅಲ್ಲಿನ ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಏಸಿ ಕೂಲಾಗೇ ಇದೆ ಮೇಡಂ. ಈಗ ತಾನೇ ಪೂಜೆ ಮುಗಿಸಿದೀನಿ. ಜ್ವರ ಬಂದಿರೋದು ನಿಮ್ಮ ಬೆಂಕಿಪೊಟ್ಟಣಕ್ಕೆ. ಬಂದು ಕಿತ್ಕೊಂಡ್ ಹೋಗಿ."

"ನಾನ್ ಹೇಳ್ಲಿಲ್ವಾ?" ಅಂದ ಮಾವ, ಇನ್ನೊಂದು ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುತ್ತ.

ಸುಮ್ಮನಿರುವವಳೇ ನಾನು? ಎಲೆ ಮುಂದಿನಿಂದ ಮಾವನನ್ನು ಎಬ್ಬಿಸಿ, ಅವನ ಬೈಕಿನಲ್ಲೇ ಹೊರಟೆ.

ಒಳಗೆ ಹೋಗಿ ನೋಡಿದರೆ ರ‍್ಯಾಕ್‌ಗೆ ಸನ್ಮಾನ! ಅರಿಶಿನ, ಕುಂಕುಮ, ತೋಳು ದಪ್ಪದ ಚೆಂಡುಹೂವಿನ ಹಾರ. ಸಾಲದ್ದಕ್ಕೆ ಮುಂಭಾಗವನ್ನೆಲ್ಲ ಮುಚ್ಚಿದ ಜರಿ ಶಾಲು. ಹೊದಿಸಿದ್ದು ಸಾಕ್ಷಾತ್ ಮ್ಯಾನೇಜರ್ ಸಾಹೇಬರು. ಸರ್ವರ್ ತಂಪು ಗಾಳಿ ಎಳೆದುಕೊಳ್ಳುವುದೇ ಮುಂದಿನಿಂದ ಸ್ವಾಮಿ! ಕೋಣೆಯೆಲ್ಲ ತಣ್ಣಗಿತ್ತು. ಶಾಲಿನೊಳಗೆ ಮಾತ್ರ ಪಾವಗಡದ ಏಪ್ರಿಲ್.

"ಮೂಗಿಗೇ ಬಟ್ಟೆ ಕಟ್ಟವ್ರಲ್ಲಪ್ಪ!" ಅಂದ ಮಾವ.

ಶಾಲು ಎಳೆದೆ. ಮೊಬೈಲಿನಲ್ಲಿ ಅಂಕಿ ಮೆಲ್ಲಗೆ ಇಳಿಯಿತು. ಅದರ ಜೊತೆಗೇ ಮ್ಯಾನೇಜರ್ ಮುಖವೂ. (ನಮ್ಮ ಕಡೆ ಶಾಲು ಹೊದಿಸಿಕೊಂಡ ಮೇಲೆ ಯಾರು ತಾನೇ ನೆಟ್ಟಗೆ ಕೆಲಸ ಮಾಡಿದ್ದಾರೆ, ಹೇಳಿ? ಪಾಪ, ಸರ್ವರ್ ಒಂದನ್ನೇ ಬೈದು ಏನು ಪ್ರಯೋಜನ?)

ಮುಂದಿನ ವಾರ ಅದೇ ಮ್ಯಾನೇಜರ್ ಸರ್ಟಿಫಿಕೇಟ್ ಕೈಗಿಟ್ಟರು. "ಶಾಲಿನ ವಿಷಯ ಪೇಪರ್‌ನಲ್ಲಿ ಬರೀಬೇಡಿ ಮೇಡಂ" ಅಂದರು. (ಬರೆದೆ.)

ಅಲ್ಲಿಂದ ಸೀದಾ ಹೊಳವನಹಳ್ಳಿ. ಮಾವ ತಂತಿ ಸುತ್ತುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಆಗಲ್ಲ ಅಂತ ನಾನ್ ಅಂದಿದ್ಕೇ ತಾನೇ ಕಣಮ್ಮ ನೀನ್ ಮಾಡಿದ್ದು? ಮತ್ತೆ ಇದ್ರಲ್ಲಿ ನನ್ ಹೆಸ್ರೆಲ್ಲಿ?"