ರಾಣೆಬೆನ್ನೂರಿನ ಗುರುವಾರಗಳು

ನಮ್ಮ ಕಡೆ ಮರ್ಯಾದಸ್ಥರು ಸ್ವಂತ ಊರಿನಲ್ಲಿ ಕುಡಿಯುವುದಿಲ್ಲ. ಬ್ಯಾಡಗಿಯವರು ರಾಣೆಬೆನ್ನೂರಿಗೆ ಹೋಗುತ್ತಾರೆ, ರಾಣೆಬೆನ್ನೂರಿನವರು ಹಾವೇರಿಗೆ, ಹಾವೇರಿಯವರು ಬ್ಯಾಡಗಿಗೆ. ಸಂಜೆಯ ಬಸ್ಸುಗಳು ಮೋಟೆಬೆನ್ನೂರಿನ ಹತ್ತಿರ ಎದುರಾದಾಗ ಎರಡೂ ಬಸ್ಸಿನ ಕಿಟಕಿಗಳಲ್ಲಿ ಒಂದೇ ತರಹದ ಮುಖಗಳು ಕಾಣುತ್ತಿದ್ದವು. ಎಲ್ಲರಿಗೂ ಪರ ಊರಿನಲ್ಲಿ ಏನೋ ಅರ್ಜೆಂಟ್ ಕೆಲಸ. ನನಗೆ ಸುಮಾರು ಇಪ್ಪತ್ತು ವರ್ಷ ಗುರುವಾರಕ್ಕೊಮ್ಮೆ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿಯನ್ನು ಕಾಣುವ ಕೆಲಸವಿತ್ತು. ಇಷ್ಟು ವರ್ಷ ಬೀಜ ಕಂಡ ನಾನು ಒಂದು ಕಾಳನ್ನೂ ಮನೆಗೆ ತರಲಿಲ್ಲ ಎಂಬುದನ್ನು ನನ್ನ ಹೆಂಡತಿ ಗಮನಿಸಿದ್ದಳೋ ಇಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರಿಗೆಲ್ಲ ಅಡ್ಡಿಯಾಗುತ್ತೇನೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಅಲ್ಲಿ ಕುಡಿತದ ಮಾತೆತ್ತುವುದೇ ತಪ್ಪು. ಆದರೆ ಗುರುವಾರದ ವ್ಯಾಪಾರ ಮುಗಿಯುವ ಹೊತ್ತಿಗೆ ಗಂಟಲಲ್ಲಿ ಮೆಣಸಿನ ಧೂಳು ಮನೆ ಮಾಡಿಕೊಂಡಿರುತ್ತಿತ್ತು. ನೀರಿಗೆ ಹೋಗದು, ಚಹಾಕ್ಕೆ ಹೋಗದು. ಇದು ನೆಪವೆಂದು ನನಗೂ ಗೊತ್ತು, ಆದರೂ ನೆಪದಲ್ಲಿ ಸ್ವಲ್ಪ ನಿಜವಿತ್ತು. ಇನ್ನೊಂದು ಅನುಕೂಲವೂ ಇತ್ತು. ಅಂಗಿ ತುಂಬ ಮೆಣಸಿನಕಾಯಿ ಘಾಟು ಇರುವ ಗಂಡಸಿನ ಬಾಯಿಂದ ಬೇರೆ ವಾಸನೆ ಹುಡುಕಲು ಯಾರಿಂದಲೂ ಆಗುವುದಿಲ್ಲ. ಆದರೂ ಮುಂಜಾಗ್ರತೆಗೆ ಬಸ್ಸಿನಲ್ಲಿ ಪೇರಲ ಎಲೆ ಅಗಿಯುತ್ತ ಬರುತ್ತಿದ್ದೆ.

ನಾನು ಹೋಗುತ್ತಿದ್ದ ಬಾರು ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಫ್ರಿಜ್ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಸಿಮೆಂಟಿನ ತೊಟ್ಟಿ, ಅದರೊಳಗೆ ಭತ್ತದ ಹೊಟ್ಟು ಮುಚ್ಚಿದ ಐಸು, ಐಸಿನ ನಡುವೆ ಕಂದು ಬಣ್ಣದ ದಪ್ಪ ಬಾಟಲಿಗಳು. ಲೇಬಲ್ಲು ನೆಂದು ಅಂಗೈಗೆ ಅಂಟುತ್ತಿತ್ತು. ಆ ಬಿಯರ್ ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಸಪ್ಲೈ ಮಾಡುವವರು ಬಾಟಲಿಗೆ ಹತ್ತಿದ ಹೊಟ್ಟನ್ನು ಹೆಗಲ ವಸ್ತ್ರದಿಂದ ಒರೆಸಿ, ಸ್ಟೀಲಿನ ದೊಡ್ಡ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದರು. ನೊರೆ ಮೇಲೆ ನಿಂತರೆ ದೂರದಿಂದ ಮಜ್ಜಿಗೆಯಂತೆ ಕಾಣುತ್ತಿತ್ತು. ಜೊತೆಗೆ ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ. ಮೊದಲ ಗುಟುಕಿನ ಕಹಿಗೆ ಗಂಟಲ ಧೂಳು ಇಳಿದುಹೋಗುತ್ತಿತ್ತು. ಈಗಿನ ಬಿಯರ್ ಚೆನ್ನಾಗಿ ತಣ್ಣಗಿರುತ್ತದೆ, ಅಷ್ಟೇ.

ಅಲ್ಲೊಂದು ನಿಯಮವಿತ್ತು. ಯಾರೂ ಬರೆದು ಹಾಕಿರಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು. ಒಳಗೆ ಬಂದವನನ್ನು ಯಾರೂ ಗುರುತಿಸಬಾರದು. ಹೆಸರು, ಊರು ಕೇಳಬಾರದು. ಹೊರಗೆ ಎಲ್ಲಿ ಎದುರಾದರೂ ಮುಖ ನೋಡಿ ನಗಬಾರದು. ಕುಮಾರಪಟ್ಟಣದ ಕಡೆಯಿಂದ ಬರುವ ಒಬ್ಬರ ಎದುರು ನಾನು ಎಷ್ಟೋ ವರ್ಷ ಕೂತು ಮಳೆಯಿಂದ ಹಿಡಿದು ರಾಜಕಾರಣದವರೆಗೆ ಮಾತಾಡಿದ್ದೇನೆ. ಒಮ್ಮೆ ಹಾವೇರಿಯ ಒಂದು ಮದುವೆಯ ಊಟದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಎಲೆಗೇ ಕೂತೆವು. ಇಬ್ಬರೂ ತಲೆ ಎತ್ತದೆ ಹೋಳಿಗೆ ತಿಂದು ಎದ್ದೆವು. ಆಗ ಅದು ತಮಾಷೆಯಾಗಿಯೇ ಇತ್ತು.

ಸಪ್ಲೈ ಮಾಡುವವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಒಂದು ಲೋಟವನ್ನೂ ಸದ್ದು ಮಾಡಿ ಇಟ್ಟವರಲ್ಲ. ನನ್ನ ತಂದೆ ತೀರಿಕೊಂಡ ತಿಂಗಳೊಳಗಿನ ಒಂದು ಗುರುವಾರ ನಾನು ಅಲ್ಲಿ ಹೋಗಿ ಕೂತು, ಎರಡನೇ ಬಾಟಲಿಗೆ ಅಳತೊಡಗಿದೆ. ಕಾಕಾ ಲೋಟ ತೆಗೆದು ಒಳಗಿಟ್ಟರು. ಉಪ್ಪು ಲಿಂಬೆಹಣ್ಣು ಹಿಂಡಿದ ನೀರು ಕುಡಿಸಿದರು. ನನ್ನ ತೋಳು ಹಿಡಿದು ಬಸ್ ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಬಂದು, ಬಸ್ಸಿನಲ್ಲಿ ಕೂಡಿಸಿ ಕಂಡಕ್ಟರನಿಗೆ ಹೇಳಿದರು: "ಸಾವಕಾರ್ರು ಉಪಾಸ ಅದಾರ. ತಲೀ ತಿರಗೇತಿ. ಬ್ಯಾಡಗಿ ಬಂದ ಕೂಡ್ಲೇ ಎಬ್ಬಸ್ರಿ." ಕಂಡಕ್ಟರ್ ಪಾಪ, ದಾರಿಯುದ್ದಕ್ಕೂ ನನ್ನನ್ನು ಭಕ್ತಿಯಿಂದ ನೋಡಿದ. ಮುಂದಿನ ಗುರುವಾರ ಹೋದಾಗ ಕಾಕಾ ಆ ವಿಷಯವನ್ನೇ ಎತ್ತಲಿಲ್ಲ.

ರಸ್ತೆ ಅಗಲ ಮಾಡುವಾಗ ಗಿರಣಿ ಹೋಯಿತು, ಅದರ ಬೆನ್ನಿಗೇ ಬಾರೂ ಹೋಯಿತು. ಕಾಕಾ ಎಲ್ಲಿ ಹೋದರೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ನಿಮಗೆ ಅವರು ಹೇಗೆ ಗೊತ್ತು ಎನ್ನುತ್ತಾರಲ್ಲ.

ಒಂದು ವರ್ಷ ಕಳೆದಿರಬೇಕು. ನನ್ನ ಬೀಗರದು, ಅಂದರೆ ಮಗಳ ಮಾವನದು, ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜು. ಮಗಳು ಆ ಮನೆ ಸೇರಿ ಎಂಟು ತಿಂಗಳಾಗಿತ್ತು. ಬೀಗರು ಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ, ಮಾತೂ ಖಡಕ್ಕು. ಒಂದು ಮಧ್ಯಾಹ್ನ ಅವರ ಆಫೀಸಿನಲ್ಲಿ ಮೆಣಸಿನಕಾಯಿಯ ಸ್ಯಾಂಪಲ್ಲು ಹರವಿಕೊಂಡು ಇಬ್ಬರೂ ಕೂತಿದ್ದಾಗ ಬಾಗಿಲಲ್ಲಿ ಕಾಕಾ ನಿಂತರು. ರೈಲಿನಲ್ಲಿ ಬಂದು ಸ್ಟೇಶನ್ನಿನಿಂದ ನಡೆದು ಬಂದಿದ್ದರು. ಕಾವಲುಗಾರನ ಕೆಲಸವಿದೆ, ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ನನ್ನನ್ನು ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

ಬೀಗರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟವಾಯಿತೆಂದು ನನಗೆ ತಿಳಿಯಿತು. ಆಮೇಲೆ ಕೇಳಿದರು: "ಮಂದಿ ಮಾಲು ಒಳಗಿರತೈತಿ. ಈ ಊರಾಗ ನಿಮ್ಮ ಗುರುತು ಇದ್ದಾವ್ರು ಯಾರರ ಅದಾರೇನು?"

ನಾನು ಬಗ್ಗಿ ಮೆಣಸಿನಕಾಯಿ ನೋಡತೊಡಗಿದೆ.

"ಯಾರೂ ಇಲ್ರಿ ಸಾವಕಾರ್ರ," ಎಂದರು ಕಾಕಾ.

"ಗುರುತು ಇಲ್ದ ಹ್ಯಾಂಗ ಇಟಗೋಬೇಕ್ರಿ? ಯಾರನ್ನರ ಕರಕೊಂಡ ಬರ್ರಿ, ನೋಡೂಣು."

ಕಾಕಾ ಕೈ ಮುಗಿದು ಹೋದರು. ಮತ್ತೆ ಬರಲಿಲ್ಲ. ಕರೆದುಕೊಂಡು ಬರಲು ಈ ಊರಿನಲ್ಲಿ ಅವರಿಗೆ ಗುರುತಿದ್ದವನು ಆಗಲೇ ಬೀಗರ ಪಕ್ಕದಲ್ಲಿ ಕೂತಿದ್ದ.

ಒಂದು ಮಾತು ಸಾಕಿತ್ತು. ಬೀಜದಂಗಡಿಯಲ್ಲಿ ಇದ್ದರು, ಬಲ್ಲೆ, ನಂಬಿಗಸ್ಥರು ಎಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಹೆಂಡತಿಗೆ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳಿದವನಿಗೆ, ಒಬ್ಬರ ಉಪಕಾರಕ್ಕೆ ಬೇಕಾದಾಗ ಒಂದು ಸುಳ್ಳು ಹುಟ್ಟಲಿಲ್ಲ. ಮಗಳ ಸಂಸಾರದ ಚಿಂತೆ ಎಂದು ಆಗ ಸಮಾಧಾನ ಹೇಳಿಕೊಂಡೆ. ಇನ್ನೊಂದು ಸಮಾಧಾನ ಇದಕ್ಕಿಂತ ಗಟ್ಟಿಯಾಗಿತ್ತು. ಕಾಕಾ ನಿಯಮದ ಮನುಷ್ಯ, ಬಾರಿನ ನಿಯಮವನ್ನೇ ಪಾಲಿಸಿದರು, ನಾನು ಬಾಯಿ ಬಿಟ್ಟಿದ್ದರೆ ಅವರಿಗೇ ಮುಜುಗರವಾಗುತ್ತಿತ್ತು. ಇದನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ ಕೊನೆಗೆ ನಂಬಿಯೂ ಬಿಟ್ಟೆ.

ಹಳೆಯ ಬಿಯರಿನ ಮಾತು ಬಂದಾಗ ನನ್ನ ವಾರಿಗೆಯವರು ಈಗ ರಾಜಾರೋಷವಾಗಿ ನೆನೆಯುತ್ತಾರೆ. ವಯಸ್ಸಾಯಿತು, ಇನ್ನು ಯಾರ ಹೆದರಿಕೆ? ನನಗೆ ಮಾತ್ರ ಹೊಟ್ಟು ಒರೆಸುವ ಆ ಕೈಗಳು ಕಣ್ಣಿಗೆ ಬರುತ್ತವೆ. ಈಚೆಗೆ ಕಣ್ಣಿನ ಡಾಕ್ಟರರನ್ನು ಕಾಣಲು ರಾಣೆಬೆನ್ನೂರಿಗೆ ಹೋದವನು, ವಿಚಾರಿಸುತ್ತ ವಿಚಾರಿಸುತ್ತ ಕಾಕಾರ ಮನೆ ಹುಡುಕಿದೆ. ಕಾಕಾ ಕಟ್ಟೆಯ ಮೇಲೆ ಕೂತು ಖಾನಾವಳಿಯೊಂದಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವತ್ತು ಬ್ಯಾಡಗಿಯಿಂದ ಬಂದವರು ಹೊಳೆ ದಂಡೆಯ ಭಟ್ಟಿಯಲ್ಲಿ ಎರಡು ವರ್ಷ ಇಟ್ಟಿಗೆ ಹೊತ್ತರಂತೆ. ಸೊಂಟ ಹೋಗಿತ್ತು. ಎದ್ದು ನಿಲ್ಲಲು ಗೋಡೆ ಹಿಡಿದರು.

"ಬರ್ರಿ ಸಾವಕಾರ್ರ, ಕುಂದ್ರಿ," ಎಂದರು, ಹೋದ ಗುರುವಾರವಷ್ಟೇ ಕಂಡವರಂತೆ. ಒಳಗಿನಿಂದ ಚಹಾ ಬಂತು. ಬಾರಿನ ಆ ಐಸಿನ ತೊಟ್ಟಿಯ ಮಾತಾಡಿ ನಕ್ಕೆವು. ನಗು ನಿಂತ ಮೇಲೆ ನಾನು ಹೇಳಿದೆ: "ಅವತ್ತ ನಮ್ಮ ಬೀಗರ ಮುಂದ ನೀವು ನನ್ನ ಮಾನಾ ಉಳಿಸಿದ್ರಿ ಕಾಕಾ. ನಾ ಏನೂ ಮಾಡಲಿಲ್ಲ. ತಪ್ಪಾತು."

ಕಾಕಾ ಒಂದು ಎಸಳು ಸುಲಿದು ಬುಟ್ಟಿಗೆ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮಾನಾ ಉಳಸ್ಬೇಕಂತ ಅಲ್ರಿ. ಅವ್ರು ಕೇಳಿದ ಕೂಡ್ಲೇ ನಾ ಯಾರೂ ಇಲ್ಲ ಅನ್ನಲಿಲ್ಲ. ನೀವು ಹೇಳ್ತೀರೇನೋ ಅಂತ ಒಂದ ಗಳಗಿ ತಡದ್ನಿ."

ಆ ಗಳಿಗೆ ನನಗೂ ಗೊತ್ತಿತ್ತು. ಅವರು ಕಾಯುತ್ತಿದ್ದಾರೆಂದು ತಿಳಿದೇ ನಾನು ತಲೆ ಎತ್ತಿರಲಿಲ್ಲ.