ಹೊಸ ಮಾನಿಟರೂ ನನ್ನ ಕಣ್ಣೂ

ಡೊಂಬಿವಲಿಯ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ನನ್ನ ಸಂಪಾದನೆಯೆಲ್ಲ ಅದರಿಂದಲೇ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳು ಹೊರತರುವ ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ, ಕವನ ಸಂಕಲನ, ಇವನ್ನು ಟೈಪ್ ಮಾಡಿ, ಪುಟ ಕಟ್ಟಿ, ಕರಡು ತಿದ್ದಿ ಕೊಡುತ್ತೇನೆ. ಕನ್ನಡದ ಕರಡು ತಿದ್ದುವುದೆಂದರೆ ಒತ್ತಕ್ಷರ, ಮಹಾಪ್ರಾಣಗಳ ಜೊತೆಗಿನ ಗುದ್ದಾಟ. ದ-ಕಾರದ ಕೆಳಗೊಂದು ಪುಟ್ಟ ಗೀರು ಇದ್ದರೆ ಧನ, ಇಲ್ಲದಿದ್ದರೆ ದನ. ಹಳೆಯ ಮಾನಿಟರಿನಲ್ಲಿ ಆ ಗೀರು ಕಾಣಬೇಕಾದರೆ ಪುಟವನ್ನು ಹಿಗ್ಗಿಸಬೇಕು, ಹಿಗ್ಗಿಸಿದರೆ ಪುಟದ ಅಂದ ಕಾಣುವುದಿಲ್ಲ. ದಿನವಿಡೀ ಹಿಗ್ಗಿಸು, ಕುಗ್ಗಿಸು. ಸಂಜೆಯ ಹೊತ್ತಿಗೆ ಹಣೆ ಸಿಡಿಯುತ್ತಿತ್ತು.

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚಷ್ಮಾದ ನಂಬರು ಸ್ವಲ್ಪ ಬದಲಾಗಿದೆ, ಉಳಿದಂತೆ ಕಣ್ಣು ಚೆನ್ನಾಗಿದೆ ಎಂದರು. ಚಷ್ಮಾ ಬದಲಿಸಿದೆ. ಇನ್ನು ಬದಲಾಗಬೇಕಾದದ್ದು ಪರದೆಯೇ ಎಂದು ತೀರ್ಮಾನಿಸಿ ಫೋರ್ ಕೆ ಮಾನಿಟರ್ ಕೊಳ್ಳಲು ಹೊರಟೆ. ಸಾಮಾನ್ಯ ಪರದೆಗಿಂತ ನಾಲ್ಕು ಪಟ್ಟು ಚುಕ್ಕಿಗಳಿರುವ, ಅಕ್ಷರಗಳು ಅಚ್ಚಿನ ಪುಟದ ಹಾಗೆ ಕಾಣುವ ಮಾನಿಟರ್ ಅದು.

ಠಾಣೆ ಸ್ಟೇಷನ್ನಿನ ಹತ್ತಿರ ಕಂಪ್ಯೂಟರ್ ಅಂಗಡಿಗಳಿಗೇನೂ ಕೊರತೆಯಿಲ್ಲ. ಅದರಲ್ಲಿ ಒಂದನ್ನು ಆರಿಸಿದ್ದು ಅದರ ಮಾಲೀಕರು ಕರಾವಳಿಯ ಕನ್ನಡಿಗರು ಎಂಬ ಒಂದೇ ಕಾರಣಕ್ಕೆ. ನಮ್ಮವರು, ಮೋಸ ಮಾಡಲಾರರು ಎಂಬ ನಂಬಿಕೆ ನನ್ನ ಗಂಡನದು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಕಂಪ್ಯೂಟರಿನ ಒಳಗಿನ ವಿಷಯ ಅವರಿಗೆ ಏನೇನೂ ಗೊತ್ತಿಲ್ಲ, ಗೊತ್ತಿಲ್ಲ ಎಂದು ಅವರೇ ಹೇಳುತ್ತಾರೆ.

"ನನ್ನ ಕಂಪ್ಯೂಟರ್ ಸ್ವಲ್ಪ ಹಳೇದು, ಇದಕ್ಕ ಹೊಂದತದೇನ್ರಿ?" ಎಂದು ನಾನು ಕೇಳಿದೆ.

ಮಾಲೀಕರು ನನ್ನ ಗಂಡನ ಕಡೆ ತಿರುಗಿ, "ಎಂತ ತೊಂದರೆಯೂ ಇಲ್ಲ ಸರ್, ಧೈರ್ಯವಾಗಿ ತಕೊಂಡು ಹೋಗಿ" ಎಂದರು. ಪರದೆಗೆ ಚಿತ್ರ ಕಳಿಸುವ, ಒಳಗಿನ ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ಹೇಳಿದೆ. ಅದಕ್ಕೂ ಉತ್ತರ ಹೋದದ್ದು ಗಂಡನಿಗೇ. ಅವರು ಪಾಪ, ಎಲ್ಲದಕ್ಕೂ ತಲೆಯಾಡಿಸುತ್ತ ನಿಂತಿದ್ದರು.

ಮನೆಗೆ ತಂದು, ಡಬ್ಬಿಯಲ್ಲಿದ್ದ ಒಂದೇ ಒಂದು ಕೇಬಲ್ಲನ್ನು, ಎಚ್‌ಡಿಎಂಐ ಎಂಬುದನ್ನು, ಹಳೆಯ ಮಾನಿಟರಿನ ಕೇಬಲ್ ಇದ್ದ ಕಿಂಡಿಗೇ ಸಿಕ್ಕಿಸಿದೆ. ಚಿತ್ರ ಬಂತು. ಅಕ್ಷರಗಳು ನಿಜಕ್ಕೂ ಕೆತ್ತಿದ ಹಾಗೆ ಕಂಡವು. ಆದರೆ ಮೌಸ್ ಸರಿಸಿದರೆ ಬಾಣ ಕಾಲೆಳೆದುಕೊಂಡು ಹಿಂದಿನಿಂದ ಬರುತ್ತಿತ್ತು. ಪುಟ ಮೇಲೆ ಸರಿಸಿದರೆ ಜಗ್ಗಿ ಜಗ್ಗಿ ಹತ್ತುತ್ತಿತ್ತು. ರೆಸಲ್ಯೂಶನ್, ಅಂದರೆ ಚುಕ್ಕಿಗಳ ಸಂಖ್ಯೆ, ಇಳಿಸಿ ನೋಡಿದೆ. ಆಗ ಬಾಣ ಸರಾಗವಾಗಿ ಓಡಿತು, ಅಕ್ಷರಗಳು ಮಾತ್ರ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡವು. ದನ, ಧನ ಎರಡೂ ಒಂದೇ ಆದವು.

ಅಂಗಡಿಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು, "ಸರ್ ಇದ್ದಾರಾ? ಅವರ ಹತ್ರ ಕೊಡಿ" ಎಂದರು. ಕೊಟ್ಟೆ. ಗಂಡ ಬಹಳ ಹೊತ್ತು ಹೂಂ, ಹೂಂ ಎಂದು ಫೋನ್ ಕೆಳಗಿಟ್ಟರು. ನನ್ನ ಮುಖ ನೋಡಲಿಲ್ಲ.

"ಏನಂದ್ರು?"

"ಏನಿಲ್ಲ, ಮೇಡಂಗ ವಯಸ್ಸಾತಲ್ಲ, ಕಣ್ಣಿಂದೇ ಏನರ ಇರಬಹುದು ಅಂದ್ರು. ಇಲ್ಲಾಂದ್ರ ಕಂಪ್ಯೂಟರ್ ಹಳೇದಾಗೇದ, ಹೊಸಾದೇ ತಗೊಳ್ರಿ ಅಂತ." ಆಮೇಲೆ ತಾವೇ, "ಇನ್ನೊಮ್ಮೆ ಡಾಕ್ಟರಿಗೆ ತೋರಿಸೋಣೇನು?" ಎಂದರು.

ಅಂಗಡಿಯವರ ಮಾತಿಗಿಂತ ಈ ಕೊನೆಯ ಮಾತು ನನಗೆ ಹೆಚ್ಚು ನಾಟಿತು. ಇಷ್ಟು ವರ್ಷ ನಾನು ಹಿಡಿದು ತಿದ್ದಿದ ತಪ್ಪುಗಳನ್ನು ಇದೇ ಮನೆಯಲ್ಲಿ ಕೂತು ನೋಡಿದವರು ಅವರು. ಎಂದೂ ನನ್ನ ಪರದೆ ಕಾಣದ ಒಬ್ಬ ವ್ಯಾಪಾರಿ ಫೋನಿನಲ್ಲಿ ಅಂದದ್ದೇ ಸಾಕಾಯಿತು, ನನ್ನ ಕಣ್ಣಿನ ಮೇಲೆ ಅವರಿಗೂ ಅನುಮಾನ ಬಂತು.

"ಡಾಕ್ಟರು ನೋಡ್ಯಾರಲ್ರಿ. ಅವರು ಸುಳ್ಳು, ಇವ ಖರೆ ಏನು?" ಎಂದೆ. ಅವರು ಪೇಪರ್ ಎತ್ತಿಕೊಂಡರು.

ಆ ಸಿಟ್ಟಿನಲ್ಲೇ ಟಾರ್ಚ್ ಹಿಡಿದು ಮೇಜಿನ ಹಿಂದೆ ಬಗ್ಗಿದೆ. ನನ್ನ ಗ್ರಾಫಿಕ್ಸ್ ಕಾರ್ಡಿನಲ್ಲಿ ಎಚ್‌ಡಿಎಂಐ ಪಕ್ಕದಲ್ಲೇ ಇನ್ನೊಂದು ಕಿಂಡಿ ಇತ್ತು, ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದ ಹಾಗೆ. ಹೊಸ ಮಾನಿಟರಿನ ಹಿಂದೆಯೂ ಅದೇ ಆಕಾರದ ಕಿಂಡಿ. ಎರಡೂ ಖಾಲಿ. ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದೆ. ಅದು ಡಿಸ್‌ಪ್ಲೇ ಪೋರ್ಟ್. ನನ್ನ ಕಾರ್ಡಿನ ಎಚ್‌ಡಿಎಂಐ ಹಳೆಯ ಬಗೆಯದು, ಇಷ್ಟು ಚುಕ್ಕಿಗಳ ಚಿತ್ರವನ್ನು ಅರ್ಧ ವೇಗದಲ್ಲಷ್ಟೇ ಕಳಿಸಬಲ್ಲದು. ಪಕ್ಕದ ಕಿಂಡಿಯಿಂದಾದರೆ ಪೂರ್ತಿ ವೇಗ. ಬೇಕಾದದ್ದು ಒಂದು ಕೇಬಲ್ ಮಾತ್ರ. ಅದೂ ಇದೇ ಮಾನಿಟರಿನ ಡಬ್ಬಿಯಲ್ಲೇ ಬರುತ್ತದೆಂದು ಕೊಂಡವರು ಬರೆದಿದ್ದರು.

ಡೊಂಬಿವಲಿಯಲ್ಲೇ ಒಂದು ಕೇಬಲ್ ಕೊಂಡು ಸುಮ್ಮನಾಗಬಹುದಿತ್ತು. ಗಂಡ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. "ನೀವು ಸಿಪಿಯು ಎತ್ತಿಕೊಂಡು ಬರ್ರಿ, ಅಷ್ಟ ಸಾಕು. ಅಂಗಡ್ಯಾಗ ಮಾತಾಡಬ್ಯಾಡ್ರಿ" ಎಂದೆ.

ರವಿವಾರ ಠಾಣೆಯ ಲೋಕಲ್ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅವರು, ಪಕ್ಕದಲ್ಲಿ ನಾನು. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಜನ ನಮ್ಮನ್ನು ಗೋಡೆಗೆ ಒತ್ತಿದರೂ ಅವರು ಗೊಣಗಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ಅದೇ ಮಾದರಿಯ ಮಾನಿಟರ್ ಒಂದನ್ನು ತೋರಿಸಲೆಂದು ಚಾಲೂ ಇಟ್ಟಿದ್ದರು. ಅದರ ಹಿಂದೆ ನೋಡಿದೆ, ಓರೆ ಮೂಲೆಯ ಕೇಬಲ್ಲೇ ಇತ್ತು. ನನ್ನ ಸಿಪಿಯು ಅದಕ್ಕೆ ಜೋಡಿಸಿ ಎಂದೆ. ಜೋಡಿಸಿದರು. ನನ್ನ ಪುಟಗಳು ಸೂಜಿಯಿಂದ ಬರೆದಷ್ಟು ಸ್ಪಷ್ಟವಾಗಿ ಬಂದವು, ಬಾಣ ನೀರಿನಂತೆ ಓಡಿತು.

"ಕಂಪ್ಯೂಟರ್ ಸರಿ ಅದ. ಕಣ್ಣೂ ಸರಿ ಅದಾವ. ಈ ಕೇಬಲ್ ನಮ್ಮ ಡಬ್ಬ್ಯಾಗ ಯಾಕ ಇರಲಿಲ್ಲ?"

"ಅದು ಬೇರೆ ತಕೊಳ್ಳಬೇಕು ಸರ್" ಎಂದು ಮಾಲೀಕರು ಗಂಡನಿಗೆ ಹೇಳಿದರು.

"ನನಗೇನೂ ತಿಳಿಯಂಗಿಲ್ರಿ. ಆಕೀನ್ನ ಕೇಳ್ರಿ" ಎಂದರು ಗಂಡ.

"ಹಾಗಾದ್ರ ಒಂದು ಹೊಸ ಡಬ್ಬಿ ತೆಗೆದು ತೋರಿಸ್ರಿ" ಎಂದೆ. ಸೀಲ್ ಒಡೆಯಲಾಗದು ಎಂದರು. ಅದೇ ಮಾನಿಟರ್ ಕೊಳ್ಳಲು ಬಂದು ಬದಿಯಲ್ಲಿ ನಿಂತಿದ್ದ ಮರಾಠಿ ಗೃಹಸ್ಥರೊಬ್ಬರಿಗೆ ನಮ್ಮ ಜಗಳದ ಅರ್ಧವಾದರೂ ಅರ್ಥವಾಗಿರಬೇಕು. "ಮಾಝಾ ಬಾಕ್ಸ್ ಉಘಡಾ, ಇಥೇಚ್ ಬಘೂ ದ್ಯಾ" ಎಂದರು, ನನ್ನ ಡಬ್ಬಿಯನ್ನು ಇಲ್ಲೇ ತೆಗೆದು ತೋರಿಸಿ ಎಂದು. ತೆಗೆಯದೆ ವಿಧಿಯಿರಲಿಲ್ಲ. ಎರಡು ಕೇಬಲ್‌ಗಳು ಹೊರಬಂದವು.

ಮಾಲೀಕರು ಒಳಗೆ ಹೋಗಿ ಒಂದು ಕೇಬಲ್ ತಂದು ಮೇಜಿನ ಮೇಲಿಟ್ಟರು. "ಸ್ಟಾಫಿನವರು ಎಲ್ಲಿಯೋ ತೆಗೆದಿಟ್ಟಿರಬೇಕು" ಎಂದರು.

"ಕಣ್ಣಿನ ಮಾತು ಅಂದಿದ್ರಲ್ಲ, ಅದು?"

ಅವರು ನಕ್ಕು, "ಮೇಡಂ ಭಾರಿ ಗಟ್ಟಿ ಮಾರಾಯ್ರೆ" ಎಂದರು. ಹೇಳಿದ್ದು ನನ್ನ ಗಂಡನಿಗೆ.

ಮನೆಗೆ ಬಂದು ಜೋಡಿಸಿದೆ. ಈಗ ಪುಟ ಪೂರ್ತಿ ಕಾಣುತ್ತಿರುವಾಗಲೇ ಒತ್ತಕ್ಷರಗಳೂ ಕಾಣುತ್ತವೆ, ಸಂಜೆ ತಲೆ ಸಿಡಿಯುವುದಿಲ್ಲ. "ನಾ ಹಂಗ ಅನಬಾರದಿತ್ತು" ಎಂದು ಗಂಡ ಆ ರಾತ್ರಿ ಊಟದ ಹೊತ್ತಿಗೆ ಹೇಳಿದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ವಾರ ಕಳೆದ ಮೇಲೆ ಗಂಡನ ಫೋನಿಗೆ ಅಂಗಡಿಯಿಂದ ಸಂದೇಶ ಬಂತು, ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ ಎಂದು. ಫೋನ್ ಇಸಕೊಂಡು ನಾನೇ ನಡೆದದ್ದನ್ನೆಲ್ಲ ಕನ್ನಡದಲ್ಲಿ ಬರೆದು, ಒಂದು ಸ್ಟಾರ್ ಕೊಟ್ಟು ಹಾಕಿದೆ. ಮರುದಿನ ಮಾಲೀಕರ ಫೋನ್ ಬಂತು, ನಾನೇ ಎತ್ತಿದೆ.

"ನಮ್ಮವರೇ ಹೀಗೆ ಬರೆದ್ರೆ ಹೇಗೆ ಮೇಡಂ? ಅದನ್ನೊಮ್ಮೆ ತೆಗೀರಿ."

ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದ್ದರು. "ಅದರ ಕೆಳಗ ನೀವೂ ಬರೀರಿ, ತಪ್ಪು ನಮ್ಮದು, ಅವರ ಕಣ್ಣಿಂದಲ್ಲ ಅಂತ. ಬರೆದ ದಿನ ತೆಗೀತೇನಿ" ಎಂದೆ.

ಅವರು ಬರೆದಿಲ್ಲ. ನಾನೂ ತೆಗೆದಿಲ್ಲ.