ಹೆಲ್ಮಾರ್ ಕೋಟೆಯ ಬಾಗಿಲು

ಗುರುರಾವ್ ಸರ್ ಯಾರನ್ನಾದರೂ ಬೈಯಬೇಕಾದರೆ ಹೆಲ್ಮಾರಿಶ್‌ನಲ್ಲೇ ಬೈಯುತ್ತಿದ್ದರು. ಸೇಡಂನಿಂದ ವಾಡಿಗೆ ಹೋಗುವ ಬೆಳಗಿನ ಪ್ಯಾಸೆಂಜರ್‌ನಲ್ಲಿ ಯಾವನಾದರೂ ಇಡೀ ಸೀಟಿನ ಮೇಲೆ ಕಾಲು ಚಾಚಿ ಮಲಗಿದ್ದರೆ, ಸರ್ ಅವನ ತಲೆಯ ಹತ್ತಿರ ನಿಂತು ಮಂತ್ರ ಹೇಳುವ ಧಾಟಿಯಲ್ಲಿ ಏನೋ ಅನ್ನುತ್ತಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಲಗಿದವನು ಗಡಬಡಿಸಿ ಎದ್ದು ಕೈಮುಗಿಯುತ್ತಿದ್ದ. ಸರ್ ಗಂಭೀರವಾಗಿ ತಲೆ ಅಲ್ಲಾಡಿಸಿ ಪಕ್ಕದಲ್ಲಿ ಕೂರುತ್ತಿದ್ದರು. ಅವರು ಅಂದದ್ದರ ಅರ್ಥವನ್ನು ಒಮ್ಮೆ ನನಗೆ ಹೇಳಿದ್ದರು. ಅದು ಇಲ್ಲಿ ಬರೆಯುವಂಥದ್ದಲ್ಲ.

ಹೆಲ್ಮಾರಿಶ್ ಎಂಬ ಭಾಷೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಇಂಗ್ಲಿಷ್, ಜರ್ಮನ್, ಡಚ್ ಭಾಷೆಗಳ ತಪ್ಪಿಸಿಕೊಂಡ ತಂಗಿ ಅದು ಎಂದು ಸರ್ ಹೇಳುತ್ತಿದ್ದರು. ಹುಟ್ಟಿದ್ದು ಮಾತ್ರ ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ. ಸರ್ ಅವರ ಮನೆ ಸೇಡಂನಲ್ಲಿ, ಇಂಗ್ಲಿಷ್ ಕಲಿಸುತ್ತಿದ್ದದ್ದು ಶಹಾಬಾದಿನ ಕಾಲೇಜಿನಲ್ಲಿ. ಅವರ ಗೆಳೆಯ ಶರಣಬಸಪ್ಪ ಸರ್ ಅವರ ಮನೆ ಶಹಾಬಾದಿನಲ್ಲಿ, ಇತಿಹಾಸ ಕಲಿಸುತ್ತಿದ್ದದ್ದು ಸೇಡಂನಲ್ಲಿ. ಇಬ್ಬರನ್ನೂ ಅದಲುಬದಲು ಮಾಡಿದ್ದರೆ ಸರಕಾರಕ್ಕೂ ರೈಲಿಗೂ ಅನುಕೂಲವಾಗುತ್ತಿತ್ತು, ಆದರೆ ಹೆಲ್ಮಾರಿಶ್ ಹುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಹೋಗುವಾಗ ಇಬ್ಬರೂ ವಾಡಿಯಲ್ಲಿ ಇಳಿದು, ತಮ್ಮ ತಮ್ಮ ಗಾಡಿಗೆ ಕಾಯಬೇಕಾಗುತ್ತಿತ್ತು. ಗಾಡಿಗಳು ಹೊತ್ತಿಗೆ ಸರಿಯಾಗಿ ಬಂದದ್ದು ಕಡಿಮೆ. ಗುರುರಾವ್ ಸರ್ ಅವರ ಕಾಲೇಜಿನಲ್ಲೇ ಕನ್ನಡ ಕಲಿಸುತ್ತಿದ್ದ, ಸೇಡಂನಲ್ಲಿ ಅವರ ಹಿಂದಿನ ಓಣಿಯಲ್ಲೇ ಇರುವ ನಾನು ಆ ಬೆಂಚಿನ ಮೂರನೆಯ ಗಿರಾಕಿ.

ಗುರುರಾವ್ ಸರ್ ಮಾತು ಹುಟ್ಟಿಸುವವರು, ಶರಣಬಸಪ್ಪ ಸರ್ ಆ ಮಾತಾಡಲು ಮಂದಿ ಹುಟ್ಟಿಸುವವರು. ಆ ಮಂದಿ ಎಲ್ಲಿದ್ದರು, ಏನು ಬೆಳೆದರು, ಯಾವ ರಾಜನಿಗೆ ಯಾಕೆ ಸೋತರು ಎಲ್ಲ ಅವರ ಖಾತೆ. ಹೆಲ್ಮಾರ್ ದೇಶ ನಕ್ಷೆಯಲ್ಲಿ ಡೆನ್ಮಾರ್ಕಿನ ಪಕ್ಕ ನೀರಿರುವ ಜಾಗದಲ್ಲಿತ್ತಂತೆ. ಇಬ್ಬರೂ ಹಿಮ ನೋಡಿದವರಲ್ಲ. ಹಾಗಾಗಿ ಹೆಲ್ಮಾರಿಶ್‌ನಲ್ಲಿ ಹಿಮಕ್ಕೆ ಒಂದೇ ಒಂದು ಮಾತಿತ್ತು, ಬಿಸಿಲಿಗೆ ಬೇಕಾದಷ್ಟಿದ್ದವು. ಆ ಉತ್ತರ ಸಮುದ್ರದ ಜನರ ಮನೆಗಳಿಗೂ ನಮ್ಮ ಶಹಾಬಾದಿನ ಪರಸಿ ಕಲ್ಲಿನದೇ ಮಾಳಿಗೆ. ಏನನ್ನೂ ಬರೆದಿಡಬಾರದು ಎಂಬುದು ಇಬ್ಬರ ಕರಾರು. "ಬರದಿಟ್ರ ಅದು ಸಿಲಬಸ್ ಆಗ್ತದ" ಎನ್ನುತ್ತಿದ್ದರು ಸರ್.

ಇದೆಲ್ಲ ಮಕ್ಕಳಾಟ ಎಂದು ನಾನು ಅಂದುಕೊಂಡಿದ್ದೆ. ಒಂದು ಸಂಜೆ ಚಹಾ ಕುಡಿಯುತ್ತ ಕೇಳಿಯೇಬಿಟ್ಟೆ, ಇದರಿಂದ ಏನು ಉಪಯೋಗ ಸರ್ ಎಂದು.

"ಸುಜಾತಾಬಾಯಿ, ನಮ್ಮ ಮಾತೇ ನೋಡ್ರಿ" ಎಂದರು. "ನೀರು, ಒಲಿ, ಹಿಟ್ಟು ನಮ್ಮವು. ಅರ್ಜಿ, ಹುಕುಂ, ಕಚೇರಿ, ಜಮೀನು ಬ್ಯಾರೆಯವರವು. ಸೋತವರ ಭಾಷಾದಾಗ ಅಡಗಿಮನಿ ಉಳೀತದ, ಕಚೇರಿ ಹೋಗ್ತದ. ಇದನ್ನ ನಮ್ಮ ಹೆಸರಲೆ ಹೇಳಿದ್ರ ಜಗಳ ಆಗ್ತಾವ. ಹೆಲ್ಮಾರಿನ ಹೆಸರಲೆ ಹೇಳಿದ್ರ ಯಾರಿಗೂ ನೋವಿಲ್ಲ."

ಅಲ್ಲೇ ಅವರು ಎಡವಿದ್ದರು.

ಹೆಲ್ಮಾರ್ ಕೋಟೆ ಬಿದ್ದ ಕಥೆಯನ್ನು ಶರಣಬಸಪ್ಪ ಸರ್ ಹೇಳಿದ ದಿನ ಗಾಡಿ ಬಹಳ ತಡವಾಗಿತ್ತು. ಹೊರಗಿನ ರಾಜ ಬಂದು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬಾಗಿಲು ಒಳಗಿನಿಂದಲೇ ತೆರೆಯಿತು ಎಂದರು. ತೆರೆದವರು ಯಾರು ಎಂದು ಗುರುರಾವ್ ಸರ್ ಕೇಳಿದರು.

"ಕಚೇರಿ ಮಂದಿರಿ. ಬರೋ ರಾಜನ ಭಾಷಾ ಮದಲೇ ಕಲ್ತು ಕುಂತಿದ್ದರು. ರಾಜ ಯಾರಾದ್ರೇನು, ಅವರ ಪಗಾರ ನಿಲ್ಲಬಾರದು."

ಗುರುರಾವ್ ಸರ್ ಅವರ ಅಜ್ಜ ನಿಜಾಮನ ಕಾಲದಲ್ಲಿ ತಹಸೀಲ್ ಕಚೇರಿಯ ಕಾರಕೂನರು. ಅವರ ಉರ್ದು ಅಕ್ಷರ ಮುತ್ತಿನಂತೆ ಇರುತ್ತಿತ್ತೆಂದು ಸರ್ ಹೆಮ್ಮೆಯಿಂದ ಹೇಳುತ್ತಿದ್ದರು. ಶರಣಬಸಪ್ಪ ಸರ್ ಅವರ ಅಜ್ಜ ಐನಾಪುರದ ಒಕ್ಕಲುತನದವರು. ಹೊಲದ ತಂಟೆಯೊಂದಕ್ಕೆ ಅಂಥದೇ ಕಚೇರಿಯ ಕಟ್ಟೆಯ ಮೇಲೆ ದಿನಗಟ್ಟಲೆ ಕೂತು, ತಮ್ಮ ಅರ್ಜಿಯಲ್ಲಿ ಉರ್ದುವಿನಲ್ಲಿ ಏನು ಬರೆದಿದೆ ಎಂದು ಓದಲು ಬಾರದೆ ತಿರುಗಿ ಬಂದವರು. ಒಬ್ಬರ ಮನೆಯ ಕಥೆ ಇನ್ನೊಬ್ಬರಿಗೆ ಗೊತ್ತಿತ್ತು.

"ಇದು ಹೆಲ್ಮಾರಿನ ಮಾತಲ್ರಿ" ಎಂದರು ಗುರುರಾವ್ ಸರ್.

"ಹೆಲ್ಮಾರಿಂದೇರಿ. ನಿಮಗ್ಯಾಕ ಚುಚ್ಚಿತು?"

"ನಮ್ಮಜ್ಜ ಮರ್ಯಾದಿಲೆ ದುಡದು ಉಂಡಾರ. ಯಾವ ಬಾಗಲಾನೂ ತಗದಿಲ್ಲ."

"ನಿಮ್ಮಜ್ಜನ ಹೆಸರು ನಾ ಎತ್ತಿಲ್ಲಲ್ರಿ ರಾಯರೇ. ನೀವೇ ಎತ್ತಿದ್ರಿ."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಆ ದಿನವಷ್ಟೇ ಅಲ್ಲ, ಮುಂದೆ ಎಷ್ಟೋ ವರ್ಷ. ಇಲ್ಲದ ದೇಶದ ಇಲ್ಲದ ಕೋಟೆಯ ಬಾಗಿಲಿಗಾಗಿ ಬುದ್ಧಿವಂತರಿಬ್ಬರು ಒಂದೇ ಪ್ಲಾಟ್‌ಫಾರ್ಮಿನ ಎರಡು ತುದಿಯ ಬೆಂಚಿನಲ್ಲಿ ಕೂರುವುದನ್ನು ದಿನಾ ನೋಡಬೇಕಾದ ಕರ್ಮ ನನ್ನದಾಯಿತು. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಒಂದು ಭಾಷೆಗೆ ಇಡೀ ಜಗತ್ತಿನಲ್ಲಿ ಇಬ್ಬರೇ ಇರುವಾಗ ಅವರೂ ಮಾತು ಬಿಟ್ಟರೆ ಅದರ ಗತಿ ಏನು ಎಂದು ಸರ್‌ಗೆ ಕೇಳಿದೆ. ನಾ ಮನ್ಯಾಗ ಆಡ್ತೀನಿ ಎಂದರು. ನಿಜಕ್ಕೂ ಆಡುತ್ತಿದ್ದರು, ಹಿತ್ತಲಿನ ನುಗ್ಗೆಗಿಡದ ಜೊತೆ, ನಲ್ಲಿಯ ಜೊತೆ. ಹೊಸ ಮಾತು ಕಟ್ಟುತ್ತಿದ್ದರು, ಹಳೆಯವನ್ನು ತಿದ್ದುತ್ತಿದ್ದರು. ಅವರ ಹೆಂಡತಿ ಇಂದಿರಾ ವೈನಿ, "ಹೋಗಲಿ ಬಿಡವಾ, ಸಿಗರೇಟ್ ಸೇದೋದಕಿಂತ ಛಲೋ" ಎನ್ನುತ್ತಿದ್ದರು. ಶಹಾಬಾದಿನಲ್ಲಿ ಶರಣಬಸಪ್ಪ ಸರ್ ಕೂಡ ಇದೇ ಕೆಲಸ ಮಾಡುತ್ತಿದ್ದರೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಇಬ್ಬರೂ ನಿವೃತ್ತರಾದರು. ವಾಡಿಯಲ್ಲಿ ಮುಖ ನೋಡುವುದೂ ತಪ್ಪಿತು. ಮುಂದೆ ಗುರುರಾವ್ ಸರ್ ಅವರ ಹೃದಯ ಸೋಲತೊಡಗಿತು. ಕಲಬುರಗಿಯ ಡಾಕ್ಟರು ಔಷಧ ಬರೆದುಕೊಟ್ಟು, ಮನೆಯಲ್ಲೇ ಇರಲಿ ಎಂದು ಕಳಿಸಿದರು. ಪಡಸಾಲೆಯ ಮಂಚ ಬಿಟ್ಟು ಏಳಲಾರದಾದ ಮೇಲೆ ಅವರು ಒಂದು ಸಲ ಶರಣಬಸಪ್ಪ ಸರ್ ಅವರನ್ನು ನೆನೆದು ನನಗೆ ಹೇಳಿದರು, "ಅವರು ನನ್ನಕಿಂತ ದೊಡ್ಡವರು. ದಸರಾಕ್ಕ ನಾನೇ ಬನ್ನಿ ಒಯ್ದು ಕೊಟ್ಟಿದ್ರ ಮುಗೀತಿತ್ತು. ಪ್ರತಿ ವರ್ಷ ಅಂಗಿ ಹಾಕ್ಕೊಂಡು ತಯಾರಾಗ್ತಿದ್ದೆ. ಹೋಗ್ಲಿಕ್ಕ ಕಾಲು ಬರ್ಲಿಲ್ಲ." ನಾನು ಅವರನ್ನು ಕೇಳದೆಯೇ ಶಹಾಬಾದಿಗೆ ಫೋನು ಮಾಡಿ, ಸರ್ ಏಳುವ ಸ್ಥಿತಿಯಲ್ಲಿಲ್ಲ ಎಂದಷ್ಟೇ ಹೇಳಿದೆ.

ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆ ಹಿಡಿದು ಚಿಕ್ಕವರು ದೊಡ್ಡವರ ಮನೆಗೆ ಹೋಗುವುದು ರೂಢಿ. ಎಂಥ ವೈರವಿದ್ದರೂ ಬನ್ನಿ ಹಿಡಿದು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವಂತಿಲ್ಲ. ಆ ವರ್ಷದ ದಸರೆಯ ಸಂಜೆ ನಾನು ಸರ್ ಕಾಲಿಗೆ ನಮಸ್ಕರಿಸಿ ಏಳುವಷ್ಟರಲ್ಲಿ ಶರಣಬಸಪ್ಪ ಸರ್ ಬಾಗಿಲಲ್ಲಿ ನಿಂತಿದ್ದರು, ಹಣೆ ತುಂಬ ವಿಭೂತಿ, ಅಂಗಿಯ ಜೇಬಿನ ತುಂಬ ಬನ್ನಿ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ರಾಯರೇ."

"ನಾ ಬರಬೇಕಾಗಿತ್ತು" ಎಂದರು ಸರ್. ಏಳಲು ನೋಡಿದರು.

"ಸುಮ್ ಮಲಕ್ಕೋರಿ."

ಸರ್ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದರು, "ಬಾಗಲಾ ಕಚೇರಿ ಮಂದೀನೇ ತಗದಾರ. ಭಾಳ ವಿಚಾರ ಮಾಡೀನಿ. ಅವರಿಗೂ ಹೆಂಡ್ರು ಮಕ್ಕಳಿದ್ದರು, ಅಂಜಿರಬೇಕು. ಆದ್ರ ತಗದದ್ದು ಖರೆ."

ಇಂದಿರಾ ವೈನಿ ಗಾಬರಿಯಿಂದ ಮುಂಬಾಗಿಲ ಕಡೆ ನೋಡಿದರು.

ಶರಣಬಸಪ್ಪ ಸರ್ ಮಂಚದ ಅಂಚಿನ ಮೇಲೆ ಕೂತರು. "ಅಂಥಾ ದೊಡ್ಡ ಬಾಗಲಾ ಬರೇ ಕಚೇರಿ ಮಂದಿ ಕೈಲೆ ಆಗೂದಿಲ್ರಿ. ಲೇಖಣಿ ಹಿಡಿಯೋ ಕೈ ಅವು. ಹೊಲದವರೂ ಹೆಗಲು ಕೊಟ್ಟಿರಬೇಕು. ನಾ ಅದನ್ನ ಹೇಳೋದು ಬಿಟ್ಟಿದ್ದೆ."

ಗುರುರಾವ್ ಸರ್ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಆಮೇಲೆ ಸರ್ ಬಹಳ ದಿನಗಳ ಮೇಲೆ ಮುಖ ಅರಳಿಸಿ ಹೆಲ್ಮಾರಿಶ್‌ನಲ್ಲಿ ಒಂದು ಮಾತು ಹೇಳಿದರು. ಉದ್ದನೆಯ ಮಾತು, ನಡುವೆ ಎರಡು ಸಲ ಉಸಿರು ತೆಗೆದುಕೊಂಡರು. ಶರಣಬಸಪ್ಪ ಸರ್ ಕಿವಿ ಹತ್ತಿರ ತಂದು, "ಏನಂದ್ರಿ?" ಎಂದರು. ಸರ್ ಮತ್ತೆ ಹೇಳಿದರು. ತಿಳಿಯಲಿಲ್ಲ. ಶರಣಬಸಪ್ಪ ಸರ್ ತಮ್ಮ ಹೆಲ್ಮಾರಿಶ್‌ನಲ್ಲಿ ಏನೋ ಕೇಳಿದರು. ಅದು ಗುರುರಾವ್ ಸರ್‌ಗೆ ತಿಳಿಯಲಿಲ್ಲ. ಇಷ್ಟು ವರ್ಷ ಒಬ್ಬರು ಸೇಡಂನಲ್ಲಿ, ಒಬ್ಬರು ಶಹಾಬಾದಿನಲ್ಲಿ ತಿದ್ದಿ ತಿದ್ದಿ ಅದನ್ನು ಎರಡು ಮಾಡಿಬಿಟ್ಟಿದ್ದರು.

ಸರ್ ಕೆಮ್ಮು ಬರುವವರೆಗೆ ನಕ್ಕರು. "ಖರೇ ಭಾಷಾ ಆಗಿಬಿಟ್ಟದ ನೋಡ್ರಿ. ಅಣ್ಣ ತಮ್ಮ ಬ್ಯಾರೆ ಆದ್ರ ಹಿಂಗೇ ಆಗ್ತದ."

ಶರಣಬಸಪ್ಪ ಸರ್ ನಗಲಿಲ್ಲ. "ಅದರ ಅರ್ಥ ಏನ್ರಿ?"

"ಏನ್ ಗಡಿಬಿಡಿ ಅದ? ಐತವಾರ ಬರ್ರಿ, ಕಲಿಸ್ತೀನಿ. ನಿಮ್ಮದು ನಾ ಕಲೀತೀನಿ."

ಶುಕ್ರವಾರ ಬೆಳಗಿನ ಜಾವ ಸರ್ ತೀರಿಕೊಂಡರು. ಶರಣಬಸಪ್ಪ ಸರ್ ಬಂದು ದಹನದವರೆಗೂ ಇದ್ದು ಹೋದರು. ಭಾನುವಾರ ಮತ್ತೆ ಬಂದರು. ಐತವಾರ ಬರ್ರಿ ಅಂದಿದ್ರಲ್ರಿ ಎಂದು ವೈನಿಗೆ ಹೇಳಿ, ಹಾಸಿಗೆ ತೆಗೆದಿದ್ದ ಬರಿಯ ಮಂಚದ ಅಂಚಿನ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಸುಜಾತಾಬಾಯಿ, ಅವತ್ತ ಅವರು ಅಂದದ್ದು ನಿಮಗ ನೆನಪದ ಏನ್ರಿ?"

ನೆನಪಿತ್ತು. ಅರ್ಥ ಗೊತ್ತಿಲ್ಲದೆ ಶ್ಲೋಕ ಬಾಯಿಪಾಠ ಮಾಡಿ ಬೆಳೆದವಳು ನಾನು, ಸರ್ ಎರಡು ಸಲ ಹೇಳಿದ್ದು ಕಿವಿಯಲ್ಲಿ ಉಳಿದಿತ್ತು. ಅವರು ಉಸಿರು ತೆಗೆದುಕೊಂಡಲ್ಲೇ ನಾನೂ ನಿಲ್ಲಿಸಿ, ಕೊನೆಯವರೆಗೂ ಹೇಳಿದೆ. ಶರಣಬಸಪ್ಪ ಸರ್ ಕಣ್ಣು ಮುಚ್ಚಿ ಕೇಳಿದರು.

"ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಅವರು ಒಂದೊಂದೇ ಮಾತನ್ನು ತುಟಿಯಲ್ಲಿ ಆಡಿ ಅರ್ಥ ಹಿಡಿಯಲು ನೋಡಿದರು.

"ತಿಳೀವಲ್ದುರಿ" ಎಂದರು.